1991ರ ‘ಸೂಪರ್ ಟೆನಿಸ್’ ಇನ್ನೂ ಯಾಕೆ ಆಡ್ತೀರಿ?

ಮನೆಗೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. "ಎಷ್ಟೊಂದು ಹೊಸ ಟೆನಿಸ್ ವಿಡಿಯೊ ಗೇಮ್ ಇವೆ, ನಿಮಗೆ ಈ ಹಳೇದೇ ಬೇಕಾ?"

ಹೌದು, ಇದೇ ಬೇಕು. ಯಾಕಂದ್ರೆ ಇದರಲ್ಲಿ ಚೆಂಡಿನ ಹತ್ತಿರ ನಾನೇ ಓಡಿ ಹೋಗಬೇಕು.

ಎಷ್ಟೋ ಟೆನಿಸ್ ಗೇಮ್‌ಗಳಲ್ಲಿ ಚೆಂಡು ಸಮೀಪ ಬಂದರೆ ಸಾಕು, ಆಟಗಾರ ತಾನಾಗಿಯೇ ಸರಿಯಾದ ಜಾಗಕ್ಕೆ ಸರಿಯುತ್ತಾನೆ. ಸೂಪರ್ ಟೆನಿಸ್‌ನಲ್ಲಿ ಹಾಗಿಲ್ಲ. ಒಂದು ಹೆಜ್ಜೆ ತಪ್ಪಿದರೂ ರ‍್ಯಾಕೆಟ್ ಗಾಳಿಗೆ ಬೀಸುತ್ತದೆ. ಮೊದಲ ದಿನ ನನಗೆ ಒಂದು ಸರ್ವ್ ಕೂಡ ವಾಪಸ್ ಹೊಡೆಯೋಕೆ ಆಗಲಿಲ್ಲ. ಆಮೇಲೆ ಗೊತ್ತಾಯಿತು, ನೋಡಬೇಕಾದ್ದು ಚೆಂಡನ್ನಲ್ಲ, ನೆಲದ ಮೇಲೆ ಓಡುವ ಅದರ ನೆರಳನ್ನು. ಚೆಂಡಿಗೂ ನೆರಳಿಗೂ ಇರುವ ಅಂತರದಲ್ಲೇ ಅದರ ಎತ್ತರ ತಿಳಿಯುತ್ತದೆ. ನೆರಳು ಓದೋಕೆ ಬಂದ ಮೇಲೆ ಆಟ ಬಿಚ್ಚಿಕೊಳ್ಳುತ್ತದೆ.

ನಾನು ಬೆಳೆದದ್ದು ನಾವು ‘ಟಿವಿ ಗೇಮ್’ ಅಂತ ಕರೆಯುತ್ತಿದ್ದ ಸೆಟ್‌ನಲ್ಲಿ. ಅದರ ಕ್ಯಾಸೆಟ್‌ನಲ್ಲಿ ಜಪಾನಿನ ಗೇಮ್ ಕಂಪನಿ ನಿಂಟೆಂಡೊದ 1984ರ ‘ಟೆನಿಸ್’ ಇತ್ತು. ಅಂಪೈರ್ ಕುರ್ಚಿಯಲ್ಲಿ ನಿಂಟೆಂಡೊ ಗೇಮ್‌ಗಳ ನಾಯಕ ಮಾರಿಯೊ ಕೂತಿರುತ್ತಾನಲ್ಲ, ಅದೇ. ಅಲ್ಲಿದ್ದದ್ದು ಎರಡೇ ಹೊಡೆತ: ಒಂದು ಮಾಮೂಲಿ, ಇನ್ನೊಂದು ಲಾಬ್, ಅಂದರೆ ಎದುರಾಳಿಯ ತಲೆ ಮೇಲಿಂದ ಎತ್ತರಕ್ಕೆ ಹೊಡೆಯೋದು. ಸೂಪರ್ ಟೆನಿಸ್ ಬಂದದ್ದು ನಿಂಟೆಂಡೊದವರದೇ ‘ಸೂಪರ್ ನಿಂಟೆಂಡೊ’ ಗೇಮ್ ಸೆಟ್‌ಗೆ. ಅದರ ಕಂಟ್ರೋಲರ್‌ನಲ್ಲಿ ಬಲಗಡೆ ನಾಲ್ಕು ಬಟನ್, ಮೇಲೆ ಎಲ್ ಮತ್ತು ಆರ್. ಸೂಪರ್ ಟೆನಿಸ್ ಅವನ್ನೆಲ್ಲ ಬಳಸಿಕೊಂಡಿತು. ಚೆಂಡು ಹೊಡೆದ ಮೇಲೂ ಎಲ್, ಆರ್ ಒತ್ತಿ ಅದಕ್ಕೆ ಸ್ಪಿನ್ ಕೊಡಬಹುದು. ಅಂಚಿನ ಗೆರೆಯ ಹತ್ತಿರ ಚೆಂಡು ಒಳಗೆ ತಿರುಗಿ ಬಿದ್ದಾಗ ಆಗುವ ಖುಷಿ ನನಗೆ ಬೇರೆ ಆಟದಲ್ಲಿ ಸಿಕ್ಕಿಲ್ಲ.

ಇದನ್ನು ಮಾಡಿದ್ದು ಟೋಕಿಯೊ ಶೋಸೆಕಿ. ಮೂಲತಃ ಅದು ಜಪಾನಿನ ಶಾಲಾ ಪಠ್ಯಪುಸ್ತಕಗಳ ಪ್ರಕಾಶನ ಸಂಸ್ಥೆ! ಇದನ್ನು ತಿಳಿದಾಗ ನನಗೆ ಈ ಆಟದ ಮೇಲೆ ಇನ್ನೂ ಪ್ರೀತಿ ಹೆಚ್ಚಾಯಿತು.

ಹಾರ್ಡ್, ಕ್ಲೇ, ಹುಲ್ಲು ಮೂರೂ ಬಗೆಯ ಅಂಕಣಗಳಿವೆ. ಒಬ್ಬರೇ ಇದ್ದರೆ ಸರ್ಕ್ಯೂಟ್, ಅಂದರೆ ಒಂದಾದ ಮೇಲೊಂದು ಟೂರ್ನಿ ಆಡಿ. ಮುಂದಿನ ಸಲ ನಿಲ್ಲಿಸಿದಲ್ಲಿಂದಲೇ ಆಡೋಕೆ ಅದು ಕೊಡುವ ಪಾಸ್‌ವರ್ಡ್ ಮಾತ್ರ ನಿಧಾನವಾಗಿ, ಸರಿಯಾಗಿ ಬರೆದಿಟ್ಟುಕೊಳ್ಳಿ.

ಆದರೆ ನನ್ನ ಮಾತು ಕೇಳೋದಾದ್ರೆ ಡಬಲ್ಸ್‌ನಿಂದ ಶುರು ಮಾಡಿ, ಜೊತೆಗೊಬ್ಬರನ್ನು ಕೂರಿಸಿಕೊಂಡು. ನಾನೂ ತಂಗಿಯೂ ಇವತ್ತಿಗೂ ಒಂದೇ ಕಡೆ ನಿಂತು ಆಡುತ್ತೇವೆ. ಚೆಂಡು ನಮ್ಮಿಬ್ಬರ ನಡುವೆ ಬರುತ್ತದೆ. "ನಿಂದು!" ಅಂತ ನಾನು, "ಅಣ್ಣಾ, ನಿಂದು!" ಅಂತ ಅವಳು.