ಒಂದೂವರೆ ನಿಮಿಷದ ಮೈಕ್

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯ ಅಧಿವೇಶನ ಶುರುವಾಯಿತೆಂದರೆ ಜಿನೀವಾದಲ್ಲಿ ನನಗೆ ಒಂದೇ ಕೆಲಸ. ಜನರ ಮಾತನ್ನು ಒಂದೂವರೆ ನಿಮಿಷಕ್ಕೆ ಇಳಿಸುವುದು. ದೂರದ ದೇಶಗಳಿಂದ ಬಂದವರು ಪುಟಗಟ್ಟಲೆ ಬರೆದು ತಂದಿರುತ್ತಾರೆ. ಕಾಣೆಯಾದ ಅಣ್ಣ, ಬಾಗಿಲು ಮುಚ್ಚಿಸಿದ ಪತ್ರಿಕೆ, ವಿಚಾರಣೆಯೇ ಇಲ್ಲದೆ ಜೈಲಿನಲ್ಲಿ ಕಳೆದ ವರ್ಷಗಳು. ಅದೆಲ್ಲ ಸುಮಾರು ಇನ್ನೂರು ಪದಗಳೊಳಗೆ ಬರಬೇಕು. ಹೊತ್ತು ಮೀರಿದರೆ ಮೈಕ್ ಆಫ್ ಆಗುತ್ತದೆ, ವಾಕ್ಯ ಅರ್ಧಕ್ಕೇ ನಿಂತರೂ ಸರಿ.

ನಾನಿರುವುದು ಇಲ್ಲಿನ ಒಂದು ಸಣ್ಣ ಸಂಸ್ಥೆಯಲ್ಲಿ. ಊರಿನ ಗೆಳೆಯರು ಫೋನಿನಲ್ಲಿ ಕೇಳುತ್ತಾರೆ: "ಅಲ್ಲಿ ಮಾತಾಡಿದ್ರೆ ಏನಾಗುತ್ತೆ? ಯಾರನ್ನಾದ್ರೂ ಜೈಲಿಂದ ಬಿಡಿಸ್ತಾರಾ?"

ಬಿಡಿಸುವುದಿಲ್ಲ. ಮಂಡಳಿಗೆ ಪೊಲೀಸರಿಲ್ಲ. ಅದರ ನಿರ್ಣಯಗಳನ್ನು ಪಾಲಿಸಲೇಬೇಕು ಅಂತ ಯಾವ ದೇಶಕ್ಕೂ ಕಾನೂನಿನ ಕಟ್ಟಿಲ್ಲ. ಮೊದಲಿದ್ದ ಮಾನವ ಹಕ್ಕುಗಳ ಆಯೋಗ ಹೆಸರು ಕೆಡಿಸಿಕೊಂಡಿತ್ತು, ಅದನ್ನು ತೆಗೆದು 2006ರಲ್ಲಿ ಈ ಮಂಡಳಿ ಮಾಡಿದರು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಆರಿಸಿದ 47 ದೇಶಗಳು ಇದರ ಸದಸ್ಯರು. ತಮ್ಮ ಜನರದ್ದೇ ಬಾಯಿ ಮುಚ್ಚಿಸುವ ದೇಶಗಳೂ ಆ 47ರೊಳಗೆ ಬಂದು ಕೂರುತ್ತವೆ. ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ ಇದು.

ಆದರೂ ಈ ಮಂಡಳಿ ತಂದ ಒಂದು ಪದ್ಧತಿಯನ್ನು ನಾನು ತುಂಬಾ ಗೌರವಿಸುತ್ತೇನೆ. ಅದರ ಪೂರ್ತಿ ಹೆಸರು ಯೂನಿವರ್ಸಲ್ ಪೀರಿಯಾಡಿಕ್ ರಿವ್ಯೂ, ಇಲ್ಲಿ ಎಲ್ಲರೂ ಯುಪಿಆರ್ ಅನ್ನುತ್ತಾರೆ. ಸುಮಾರು ನಾಲ್ಕೂವರೆ ವರ್ಷಕ್ಕೊಮ್ಮೆ ಪ್ರತಿ ದೇಶವೂ ತನ್ನ ಸರದಿಯಲ್ಲಿ ಬಂದು ಉಳಿದ ದೇಶಗಳ ಮುಂದೆ ಉತ್ತರ ಕೊಡಬೇಕು. 2008ರಲ್ಲಿ ಶುರುವಾದ ಮೊದಲ ಸುತ್ತಿನಲ್ಲಿ ಆಗಿನ ಎಲ್ಲ ಸದಸ್ಯ ದೇಶಗಳೂ ಬಂದವು. ಒಂದೊಂದು ದೇಶಕ್ಕೂ ಈಗ ಮೂರೂವರೆ ಗಂಟೆಯ ಕಲಾಪ. ಅದರಲ್ಲಿ 70 ನಿಮಿಷ ಉತ್ತರ ಕೊಡುವ ದೇಶಕ್ಕೆ, 140 ನಿಮಿಷ ಕೇಳುವವರಿಗೆ. ನೂರಕ್ಕೂ ಹೆಚ್ಚು ದೇಶಗಳು ಹೆಸರು ಕೊಟ್ಟರೆ ಒಬ್ಬೊಬ್ಬರಿಗೆ ಸಿಗುವುದು ಒಂದು ನಿಮಿಷದಷ್ಟು. ಪುಟ್ಟ ದ್ವೀಪದೇಶವೊಂದು ದೊಡ್ಡ ದೇಶಕ್ಕೆ "ಗಲ್ಲುಶಿಕ್ಷೆ ಯಾವಾಗ ನಿಲ್ಲಿಸುತ್ತೀರಿ" ಅಂತ ನೇರವಾಗಿ ಕೇಳಬಹುದು. ಅಂಥ ಜಾಗ ಜಗತ್ತಿನಲ್ಲಿ ಬೇರೆಲ್ಲಿದೆ ಹೇಳಿ?

ನಮ್ಮ ದೇಶ 2008ರ ಏಪ್ರಿಲ್‌ನ ಮೊದಲ ತಂಡದಲ್ಲೇ ಬಂದಿತ್ತು. ನಾಲ್ಕನೆಯ ಸಲ ಬಂದದ್ದು 2022ರ ನವೆಂಬರ್‌ನಲ್ಲಿ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದೆ, ಅನುಮೋದನೆ ಮಾತ್ರ ಕೊಟ್ಟಿಲ್ಲ. ನಾಲ್ಕೂ ಸಲ ಬೇರೆ ಬೇರೆ ದೇಶಗಳು ಅದನ್ನು ಎತ್ತಿದವು. ಮನೆಯ ವಿಷಯವನ್ನು ಹೊರಗಿನವರು ಕೇಳುವುದು ಎಷ್ಟೋ ಜನರಿಗೆ ಹಿಡಿಸುವುದಿಲ್ಲ. ಠಾಣೆಯಲ್ಲಿ ಏಟು ತಿಂದವನಿಗೆ ಯಾರು ಕೇಳಿದರು ಅನ್ನೋದಕ್ಕಿಂತ ಯಾರಾದರೂ ಕೇಳಿದರಲ್ಲ ಅನ್ನೋದು ಮುಖ್ಯ ಅಲ್ವಾ?

ಆ ಮೂರೂವರೆ ಗಂಟೆ ಸಂಘಸಂಸ್ಥೆಗಳು ಬಾಯಿ ತೆರೆಯುವ ಹಾಗಿಲ್ಲ. ಕೂತು ಕೇಳಬಹುದು ಅಷ್ಟೇ. ಕೆಲವು ತಿಂಗಳ ನಂತರ ಆ ಕಲಾಪದ ವರದಿ ಮಂಡಳಿಯ ಮುಂದೆ ಬಂದಾಗ ಒಂದು ಗಂಟೆಯ ಚರ್ಚೆ ಇರುತ್ತದೆ. ಅದರಲ್ಲಿ 20 ನಿಮಿಷ ದೇಶಗಳ ರಾಷ್ಟ್ರೀಯ ಮಾನವ ಹಕ್ಕು ಆಯೋಗಗಳಿಗೂ ನಮ್ಮಂಥ ಸಂಸ್ಥೆಗಳಿಗೂ ಸೇರಿ. ಸರದಿಗೆ ನೂಕುನುಗ್ಗಲು. ಸರ್ಕಾರಗಳು ಹಿಂದಿನಿಂದ ನಿಲ್ಲಿಸಿದ ಸಂಸ್ಥೆಗಳೂ ಆ ಸಾಲಿನಲ್ಲಿ ಸೇರಿಕೊಂಡು ಹೊಗಳಿ ಹೋಗುತ್ತವೆ.

ಇಷ್ಟು ಸಣ್ಣ ಜಾಗಕ್ಕೂ ಪ್ರಾಣ ಕೊಟ್ಟವರಿದ್ದಾರೆ. ಚೀನಾದ ಹೋರಾಟಗಾರ್ತಿ ತ್ಸಾವ್ ಶುನ್ಲಿ ಕೇಳಿದ್ದು ಇಷ್ಟೇ: ಯುಪಿಆರ್‌ಗೆ ಸರ್ಕಾರ ಬರೆಯುವ ವರದಿಯಲ್ಲಿ ಜನರ ಮಾತೂ ಸೇರಲಿ. ವಿದೇಶಾಂಗ ಸಚಿವಾಲಯದ ಹೊರಗೆ ಜನರನ್ನು ಸೇರಿಸಿ ಧರಣಿ ಕೂತರು. 2013ರ ಸೆಪ್ಟೆಂಬರ್‌ನಲ್ಲಿ ಜಿನೀವಾಕ್ಕೆ ತರಬೇತಿಗೆ ಹೊರಟಾಗ ಬೀಜಿಂಗ್ ವಿಮಾನ ನಿಲ್ದಾಣದಲ್ಲೇ ಹಿಡಿದರು. ಸೆರೆಯಲ್ಲಿ ಆರೋಗ್ಯ ಹದಗೆಟ್ಟು 2014ರ ಮಾರ್ಚ್ 14ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಚೀನಾದ ಯುಪಿಆರ್ ಕಲಾಪದ ವರದಿ ಮಂಡಳಿಯ ಮುಂದೆ ಬಂತು. ಒಂದು ಸಂಸ್ಥೆ ತನಗೆ ಸಿಕ್ಕ ಹೊತ್ತಿನಲ್ಲಿ ಅವರಿಗಾಗಿ ಮೌನ ಆಚರಿಸಲು ಹೊರಟಿತು. ಚೀನಾ ಆಕ್ಷೇಪಿಸಿತು. ಸುಮ್ನೆ ನಿಲ್ಲುವುದಕ್ಕೆ ನಿಯಮದಲ್ಲಿ ಅವಕಾಶ ಇದೆಯೋ ಇಲ್ಲವೋ ಅಂತ ದೇಶಗಳು ವಾದಕ್ಕೆ ಇಳಿದವು. ಕೊನೆಗೆ ಸಂಸ್ಥೆಗಳವರು ತ್ಸಾವ್ ಅವರ ಫೋಟೊ ಹಿಡಿದು ಎದ್ದು ನಿಂತರು. ಮಾತಿಗೆ ಬಲವಿಲ್ಲ ಅನ್ನುವವರು ಈ ಘಟನೆ ನೋಡಬೇಕು. ಬಲವಿಲ್ಲದ್ದಕ್ಕೆ ಅಷ್ಟು ಹೆದರುವುದೇಕೆ?

ಗೆಳೆಯರ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. 2017ರಲ್ಲಿ ಮಂಡಳಿ ಮ್ಯಾನ್ಮಾರ್ ಬಗ್ಗೆ ಒಂದು ಸತ್ಯಶೋಧನಾ ತಂಡ ನೇಮಿಸಿತು. ದೇಶದೊಳಗೆ ಆ ತಂಡವನ್ನು ಬಿಡಲಿಲ್ಲ. ಹೊರಗೇ ಸಂತ್ರಸ್ತರನ್ನೂ ಕಣ್ಣಾರೆ ಕಂಡವರನ್ನೂ ಮಾತಾಡಿಸಿದರು. 2018ರ ವರದಿಯ ಹಿಂದೆ ಅಂಥ 875 ಸಂದರ್ಶನಗಳಿವೆ. ಮರುವರ್ಷ ಗ್ಯಾಂಬಿಯಾ ಅನ್ನುವ ಪುಟ್ಟ ದೇಶ, ಮ್ಯಾನ್ಮಾರ್‌ನಲ್ಲಿ ಹಿಂಸೆಗೆ ಗುರಿಯಾದ ಅಲ್ಪಸಂಖ್ಯಾತ ರೋಹಿಂಗ್ಯಾ ಜನರ ಪರವಾಗಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2020ರ ಜನವರಿಯಲ್ಲಿ ಕೋರ್ಟು ಮಧ್ಯಂತರ ಆದೇಶ ಕೊಟ್ಟಾಗ ಈ ತಂಡದ ವರದಿಗಳನ್ನೂ ಆಧಾರವಾಗಿ ತೆಗೆದುಕೊಂಡಿತು. ಶಿಬಿರದಲ್ಲಿ ಕೂತು ಹೇಳಿದ ಮಾತು ಕೋರ್ಟಿನ ಕಾಗದಕ್ಕೆ ಬಂತು. ನಿಧಾನ, ಸಹಿಸಲಾಗದಷ್ಟು ನಿಧಾನ. ಆದರೆ ಯಾರೂ ಬಾಯಿ ಬಿಡದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಕಳೆದ ಅಧಿವೇಶನದಲ್ಲಿ ಒಬ್ಬ ಹೆಂಗಸಿನ ಜೊತೆ ಕೂತಿದ್ದೆ. ಹೇಳಿಕೆ ಓದಿ ಗಡಿಯಾರ ನೋಡಿದರೆ ಹತ್ತು ಸೆಕೆಂಡ್ ಜಾಸ್ತಿ. ಬೇಗ ಓದುವ ಹಾಗೂ ಇಲ್ಲ. ಆರು ಭಾಷೆಗಳ ದುಭಾಷಿಗಳು ಜೊತೆಗೇ ಹೇಳುತ್ತಾ ಹೋಗಬೇಕು. ತಮ್ಮನ ಪೂರ್ತಿ ಹೆಸರಿನ ಬದಲು ಬರೀ "ನನ್ನ ತಮ್ಮ" ಅಂದರೆ ಸಾಕಾಗುತ್ತದೆ ಅಂದೆ. ಅವರು ಪೆನ್ನು ತಗೊಂಡು ಹೆಸರನ್ನು ಇನ್ನಷ್ಟು ದಪ್ಪಗೆ ಬರೆದರು. ನಾವು ಅಧ್ಯಕ್ಷರಿಗೆ ಹೇಳುವ ಧನ್ಯವಾದ ತೆಗೆದೆವು, ಒಪ್ಪಂದಗಳ ಪಟ್ಟಿ ತೆಗೆದೆವು, ಹೆಸರು ಉಳಿಯಿತು. ಸಭೆಯ ವಿಡಿಯೊ ದಾಖಲೆಯಲ್ಲಿ ಆ ಹೆಸರು ಈಗ ಇದೆ.

ಇದನ್ನೆಲ್ಲ ನೋಡಲು ಯಾರೂ ಇಲ್ಲಿಗೆ ಬರಬೇಕಿಲ್ಲ. ವಿಶ್ವಸಂಸ್ಥೆಯ ವೆಬ್ ಟಿವಿಯಲ್ಲಿ ನೇರಪ್ರಸಾರ ಇರುತ್ತದೆ, ಹಳೆಯವೂ ಸಿಗುತ್ತವೆ. ಪ್ರತಿ ದೇಶದ ಯುಪಿಆರ್‌ಗೂ ಮೂರು ವರದಿಗಳಿರುತ್ತವೆ. ಒಂದು ಸರ್ಕಾರದ್ದು, ಇನ್ನೊಂದು ವಿಶ್ವಸಂಸ್ಥೆಯ ಸಂಸ್ಥೆಗಳದ್ದು, ಮೂರನೆಯದು ಜನಸಂಘಟನೆಗಳು ಕಳಿಸಿದ್ದರ ಸಾರ. ಓದುವುದಾದರೆ ಮೂರನೆಯದರಿಂದ ಶುರು ಮಾಡಿ, ಆಮೇಲೆ ಸರ್ಕಾರದ್ದನ್ನು ಪಕ್ಕದಲ್ಲಿಟ್ಟುಕೊಳ್ಳಿ.