ಅಪ್ಪನ ಮಳೆ ಲೆಕ್ಕಕ್ಕೆ ಒಂದು ಕೀಲಿ

ಮಳೆಗಾಲದಲ್ಲಿ ಶಿರಸಿ ಕಡೆ ನೆಂಟರ ಫೋನ್ ಬಂದರೆ ಮೊದಲು ಕೇಳುವುದು ಆರೋಗ್ಯ ಅಲ್ಲ. "ನಿಮ್ಮಲ್ಲಿ ಎಷ್ಟಾತು?" ಅಂತ ಮಳೆಯನ್ನೇ ಕೇಳುತ್ತಾರೆ. ಅಪ್ಪ ಅಂಗಳದ ತುದಿಯಲ್ಲಿ ಮಳೆ ಮಾಪಕ ಇಟ್ಟಿದ್ದಾರೆ. ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ ನೋಡುತ್ತಾರೆ, ಅಲ್ಲಿಂದಲೇ ಕೂಗಿ ಹೇಳುತ್ತಾರೆ. ಬರೆದುಕೊಳ್ಳುವ ಕೆಲಸ ನನ್ನದು.

ನಾನು ಮನೆಯಿಂದಲೇ ಕೆಲಸ ಮಾಡುವವನು. ದಿನವಿಡೀ ಈಮ್ಯಾಕ್ಸ್ ಎಂಬ ಪಠ್ಯ ಬರೆಯುವ ತಂತ್ರಾಂಶ ತೆರೆದೇ ಇರುತ್ತದೆ. ಅದರೊಳಗೆ ಆರ್ಗ್ ಮೋಡ್ ಅಂತ ಒಂದಿದೆ, 2003ರಲ್ಲಿ ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ ತಮ್ಮ ಟಿಪ್ಪಣಿಗಳಿಗೋಸ್ಕರ ಶುರು ಮಾಡಿದ್ದು. ಬರೀ ಪಠ್ಯದ ಕಡತ, ಬೇರೆ ಡೇಟಾಬೇಸ್ ಏನೂ ಇಲ್ಲ. ಅದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಕ್ಯಾಪ್ಚರ್, ಅಂದರೆ ಥಟ್ಟನೆ ಟಿಪ್ಪಣಿ ಬರೆದಿಡುವ ಸೌಲಭ್ಯ. ಯಾವ ಕೆಲಸದ ನಡುವೆ ಇದ್ದರೂ ಕಂಟ್ರೋಲ್-ಸಿ ಒತ್ತಿ ಇನ್ನೊಮ್ಮೆ ಸಿ ಒತ್ತಿದರೆ ಒಂದು ಪಟ್ಟಿ ಬರುತ್ತದೆ (ಈ ಕೀಲಿಯನ್ನು ನಾವೇ ಕೊಟ್ಟುಕೊಳ್ಳಬೇಕು, ಹೆಚ್ಚಿನವರು ಇದನ್ನೇ ಕೊಡುತ್ತಾರೆ), ಒಂದು ಅಕ್ಷರ ಒತ್ತಿದರೆ ಸಣ್ಣ ಕಿಟಕಿ ತೆರೆಯುತ್ತದೆ, ಬರೆದು ಮುಗಿಸಿದರೆ ಟಿಪ್ಪಣಿ ತನ್ನ ಕಡತಕ್ಕೆ ಹೋಗುತ್ತದೆ, ನಾವು ಮೊದಲಿದ್ದ ಸಾಲಿಗೇ ವಾಪಸ್.

ಆದರೆ ಮೊದಲೆಲ್ಲ ನಾನು ಇಟ್ಟುಕೊಂಡಿದ್ದು ಎಲ್ಲದಕ್ಕೂ ಒಂದೇ ಟೆಂಪ್ಲೇಟು, ಅಂದರೆ ಟಿಪ್ಪಣಿಯ ಸಿದ್ಧ ಅಚ್ಚು. ಆಫೀಸಿನ ಕೆಲಸ, ಗ್ಯಾಸ್ ಸಿಲಿಂಡರ್, ಮಳೆ, ಎಲ್ಲ ಒಂದೇ ಕಡತದಲ್ಲಿ ತಾರೀಖಿನ ಪ್ರಕಾರ ಬಿದ್ದಿರುತ್ತಿತ್ತು.

ಜುಲೈನಲ್ಲಿ ಒಂದು ದಿನ ಬೆಳಗಿನ ಜಾವವೇ ಕರೆಂಟು ಹೋಯಿತು. ದೇವಿಮನೆ ಘಟ್ಟದ ಕಡೆಯಿಂದ ಗಾಳಿ, ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು. ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಹೋಯಿತು. ಆಫೀಸಿಗೆ ಹೇಗೋ ಒಂದು ಸಂದೇಶ ಹೋಗಿತ್ತು, ಅಷ್ಟು ಸಾಕು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತು. ಅಪ್ಪ ಒಳಗೆ ಬಂದು ಕೊಡೆ ಮಡಚುತ್ತಾ, "ತಮಾ, ಮೊದಲ್ನೇ ಔಷಧಿ ಹೊಡೆದು ಎಷ್ಟು ದಿನ ಆತು?" ಅಂದರು.

ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯುವ ವಿಷಯ ಇದು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಅಲ್ಲಿಂದ 40-45 ದಿನಕ್ಕೆ ಇನ್ನೊಂದು ಸಲ. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ಕಡತದಲ್ಲಿ ಹುಡುಕಿದೆ. ಸಿಕ್ಕಿತು, ಆದರೆ ಎರಡು ಮೀಟಿಂಗ್ ಟಿಪ್ಪಣಿಗಳ ನಡುವೆ, "ಔಷಧಿ ಆಯ್ತು" ಅನ್ನುವ ಎರಡೇ ಪದ. ಎಷ್ಟು ಬ್ಯಾರಲ್ ಅಂತ ಇಲ್ಲ. ಮುಂದಿನದು ಯಾವಾಗ ಅಂತಲೂ ಇಲ್ಲ.

ಮಾಡಲು ಬೇರೆ ಕೆಲಸವೂ ಇರಲಿಲ್ಲ. ಆ ದಿನವೆಲ್ಲ ಇದನ್ನೇ ಹಿಡಿದು ಕೂತೆ. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಯಾಕೆಂದರೆ ಆರ್ಗ್ ಮೋಡಿನ ಕೈಪಿಡಿ ಈಮ್ಯಾಕ್ಸ್ ಜೊತೆಗೇ ಬರುತ್ತದೆ.

ಮೊದಲು ಮಳೆ. ಅದಕ್ಕೆ ಎಂ ಅಕ್ಷರ ಕೊಟ್ಟೆ. ಕ್ಯಾಪ್ಚರ್‌ನಲ್ಲಿ ಟಿಪ್ಪಣಿಯನ್ನು ಕೋಷ್ಟಕದ ಒಂದು ಸಾಲಾಗಿ ಸೇರಿಸುವ ಬಗೆಯೂ ಇದೆ. ತಾರೀಖು ಅದೇ ಹಾಕಿಕೊಳ್ಳುತ್ತದೆ, "ಎಷ್ಟು ಮಿ.ಮೀ.?" ಅಂತ ಒಂದು ಪ್ರಶ್ನೆ ಮಾತ್ರ ಕೇಳುತ್ತದೆ, ಉತ್ತರ ಕೊಟ್ಟ ಕೂಡಲೇ ಮುಗಿಸು ಅಂತ ಹೇಳಿಟ್ಟರೆ ಕಿಟಕಿಯನ್ನೂ ತೋರಿಸದೆ ಉಳಿಸಿಬಿಡುತ್ತದೆ. ತಾರೀಖಿನದ್ದು ಒಂದು ಸಣ್ಣ ತಕರಾರು ಇತ್ತು. ಅಪ್ಪ ಕೂಗುವುದು "ನಿನ್ನೆ ಮಳೆ" ಅಂತ, ಕಡತದಲ್ಲಿ ಬೀಳುವುದು ಇವತ್ತಿನ ತಾರೀಖು. ಹವಾಮಾನ ಇಲಾಖೆಯೂ ನಿನ್ನೆ 8.30ರಿಂದ ಇವತ್ತು ಬೆಳಿಗ್ಗೆ 8.30ರ ವರೆಗೆ ಬಿದ್ದದ್ದನ್ನು ಇವತ್ತಿನ ಲೆಕ್ಕಕ್ಕೇ ಬರೆಯುವುದು. ಅಪ್ಪನಿಗೆ ಅದನ್ನು ಹೇಳಿದೆ. ಇಲಾಖೆ ಅಂದ ಮೇಲೆ ಒಪ್ಪಿದರು.

ಜೂನ್ 1ರಿಂದ ಒಟ್ಟು ಎಷ್ಟು ಅನ್ನುವುದು ಅವರ ಎರಡನೇ ಪ್ರಶ್ನೆ, ಪ್ರತಿ ದಿನವೂ. ಕೋಷ್ಟಕದ ಕೆಳಗೆ ಒಂದು ಗೆರೆ ಎಳೆದು, ಅದರಡಿ ಮೊತ್ತದ ಸಾಲು ಇಟ್ಟು, ಗೆರೆಗಳ ನಡುವಿನದ್ದೆಲ್ಲ ಕೂಡಿಸು ಅಂತ ಸೂತ್ರ ಬರೆದರಾಯಿತು. ಆದರೆ ಸುಮ್ನೆ ಬಿಟ್ಟರೆ ಹೊಸ ಸಾಲು ಹೋಗಿ ಮೊತ್ತದ ಕೆಳಗೆ ಕೂರುತ್ತದೆ! ಅದಕ್ಕೊಂದು ಸ್ಥಾನದ ಸೂಚನೆ ಇದೆ: ಎರಡನೇ ಗೆರೆಯ ಮೇಲೆ, ಒಂದು ಸಾಲು ಹಿಂದೆ. ಅದನ್ನು ಕೊಟ್ಟ ಮೇಲೆ ಸರಿಯಾಯಿತು. ಸೂತ್ರ ಇದ್ದರೆ ಟಿಪ್ಪಣಿ ಮುಗಿಯುವಾಗ ಕೂಡುವ ಕೆಲಸವನ್ನೂ ಅದೇ ಮಾಡುತ್ತದೆ.

ಕನ್ನಡದ ಕಾಟ ಬೇರೆ. ಅಕ್ಷರಗಳ ಅಗಲ ಒಂದೇ ಸಮ ಇರಲ್ಲ ನೋಡಿ, ಕೋಷ್ಟಕದ ಕಂಬಗಳು ಅಂಕುಡೊಂಕಾಗುತ್ತವೆ. ಹಾಗಾಗಿ ತಾರೀಖು, ಮಿಲಿಮೀಟರು ಮೊದಲು ಇಟ್ಟು "ರಾತ್ರಿ ಗುಡುಗು", "ಹೊಳೆ ತುಂಬಿತ್ತು" ಅನ್ನುವಂಥದ್ದನ್ನೆಲ್ಲ ಕೊನೆಯ ಕಂಬಕ್ಕೆ ತಳ್ಳಿದೆ. ಸೊಟ್ಟ ಆದರೆ ಕೊನೆಯ ಗೀಟು ಮಾತ್ರ ಸೊಟ್ಟ. ಇನ್ನೊಂದು, ಕಂಪ್ಯೂಟರಿನ ಕೀಲಿಮಣೆಯನ್ನೇ ಕನ್ನಡಕ್ಕೆ ಬದಲಿಸಿಟ್ಟರೆ ಪಟ್ಟಿಯಲ್ಲಿ ಎಂ ಒತ್ತಿದಾಗ ಕನ್ನಡದ ಅಕ್ಷರ ಬಿದ್ದು ಏನೂ ಆಗುವುದಿಲ್ಲ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ, ಈಮ್ಯಾಕ್ಸ್ ಒಳಗಿನ ಕನ್ನಡ-ಐಟ್ರಾನ್ಸ್ ಬಳಸಿದರೆ ಈ ರಗಳೆ ಇಲ್ಲ. ಅದು ಬರೆಯುವ ಜಾಗದಲ್ಲಿ ಮಾತ್ರ ಕನ್ನಡ ಮೂಡಿಸುತ್ತದೆ, ಪಟ್ಟಿಗೆ ಒತ್ತುವ ಅಕ್ಷರವನ್ನು ಮುಟ್ಟುವುದಿಲ್ಲ.

ಆಮೇಲೆ ಔಷಧಿ. ಇದಕ್ಕೆ ಈಮ್ಯಾಕ್ಸ್‌ನದೇ ಪ್ರೋಗ್ರಾಮಿಂಗ್ ಭಾಷೆ ಎಲಿಸ್ಪ್‌ನಲ್ಲಿ ಎರಡು ಸಾಲು ಬರೆಯಬೇಕಾಯಿತು. ಟೆಂಪ್ಲೇಟಿನೊಳಗೇ ಇಂಥ ಸಣ್ಣ ಸ್ಕ್ರಿಪ್ಟ್ ತೂರಿಸಬಹುದು, ಅದು ಕೊಟ್ಟ ಉತ್ತರ ಟಿಪ್ಪಣಿಯಲ್ಲಿ ಬಂದು ಸೇರುತ್ತದೆ. ಒಂದು ಸಾಲು ಬ್ಯಾರಲ್ ಎಷ್ಟು ಅಂತ ಕೇಳಿ ಮೈಲುತುತ್ತದ ಲೆಕ್ಕ ಬರೆಯುತ್ತದೆ, 200 ಲೀಟರಿನ ಬ್ಯಾರಲ್ಲಿಗೆ 2 ಕಿಲೊ. ಇನ್ನೊಂದು ಸಾಲು ಇವತ್ತಿಗೆ 40 ದಿನ ಸೇರಿಸಿ ತಾರೀಖು ಹಾಕುತ್ತದೆ. ಆ ದಿನ ಬಂದಾಗ ಅಜೆಂಡಾದಲ್ಲಿ, ಅಂದರೆ ಆರ್ಗ್ ತೋರಿಸುವ ದಿನದ ಕೆಲಸಗಳ ಪಟ್ಟಿಯಲ್ಲಿ ಕಾಣಬೇಕು.

ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. "ಸರಿ, ಆದ್ರೆ ಆ ದಿನ ಮಳೆ ಬಿಡಕಲೋ?" ಅಂದರು.

ಹೌದಲ್ಲ. ಬರೀ ತಾರೀಖು ಹಾಕಿದರೆ ಅದು ಆ ಒಂದು ದಿನ ಅಜೆಂಡಾದಲ್ಲಿ ಕಂಡು ಮರುದಿನ ಮಾಯ. ತೋಟದ ಕೆಲಸ ಹಾಗೆ ನಡೆಯುವುದಿಲ್ಲ. ಹೊಳವಾಗಬೇಕು, ಔಷಧಿ ಹೊಡೆಯುವವರು ಅವತ್ತೇ ಸಿಗಬೇಕು. ಆರ್ಗ್‌ನಲ್ಲಿ ಡೆಡ್‌ಲೈನ್ ಅನ್ನುವುದು ಬೇರೆ ರೀತಿ. ಏನೂ ಹೇಳದಿದ್ದರೆ 14 ದಿನ ಮೊದಲೇ ಎಚ್ಚರಿಸಲು ಶುರು ಮಾಡುತ್ತದೆ, ನಮಗೆ ಬೇಕಾದಷ್ಟಕ್ಕೆ ಇಳಿಸಿಕೊಳ್ಳಬಹುದು, ಮತ್ತು ದಿನ ದಾಟಿದರೂ ಮುಗಿಯಿತು ಅಂತ ನಾವು ಗುರುತು ಹಾಕುವವರೆಗೆ ಇಷ್ಟು ದಿನ ತಡ, ಇಷ್ಟು ದಿನ ತಡ ಅಂತ ಹೇಳುತ್ತಲೇ ಇರುತ್ತದೆ. 45ನೇ ದಿನಕ್ಕೆ ಡೆಡ್‌ಲೈನ್, 5 ದಿನ ಮೊದಲಿಂದ ಎಚ್ಚರಿಕೆ ಅಂತ ಬದಲಿಸಿದೆ. ಅಂದರೆ 40ರಿಂದ 45, ಅಪ್ಪ ಬಾಯಲ್ಲಿ ಹೇಳುವ ಲೆಕ್ಕವೇ. ಇಷ್ಟು ವರ್ಷ ಬಳಸಿಯೂ ಆಫೀಸಿನ ಕೆಲಸಕ್ಕೆ ಈ ವ್ಯತ್ಯಾಸ ನನಗೆ ಬೇಕೇ ಆಗಿರಲಿಲ್ಲ.

ಆಳಿನ ಲೆಕ್ಕಕ್ಕೂ ಒಂದು ಮಾಡಿಕೊಡಲಾ ಅಂತ ಆಯಿಯನ್ನು ಕೇಳಿದೆ. ಗೋಡೆಯ ಕ್ಯಾಲೆಂಡರ್ ಕಡೆ ಕೈ ತೋರಿಸಿದಳು. ಅದರಲ್ಲಿ ಪೆನ್ಸಿಲ್ ಗುರುತು, ಅರ್ಧ ದಿನಕ್ಕೆ ಅರ್ಧ ಗೀಟು. ಅದಕ್ಕಿಂತ ಬೇಗ ಆಗುವುದನ್ನು ನಾನು ಬರೆಯಲಾರೆ, ಅಲ್ಲಿಗೇ ಬಿಟ್ಟೆ.

ಕರೆಂಟು ಮರುದಿನ ಬಂತು. ಮಳೆಯ ಟೆಂಪ್ಲೇಟು ಅಂದಿನಿಂದ ದಿನಾ ಓಡುತ್ತಿದೆ, ಯಾಕೆಂದರೆ ಅದು ಕೇಳುವುದು ಒಂದೇ ಪ್ರಶ್ನೆ. ಹವೆ ಹೇಗಿತ್ತು, ಗಾಳಿ ಎತ್ತ ಕಡೆ ಅಂತೆಲ್ಲ ಇನ್ನೆರಡು ಪ್ರಶ್ನೆ ಸೇರಿಸುವ ಆಸೆ ಆಗುತ್ತಿರುತ್ತದೆ. ಸೇರಿಸಿದರೆ ವಾರದೊಳಗೆ ನಾನೇ ಬರೆಯುವುದನ್ನು ಬಿಡುತ್ತೇನೆ ಅಂತ ಗೊತ್ತು.

ಮುಂದಿನದು ಕೊಯ್ಲಿಗೆ. ಯಾವ ತೋಟದಲ್ಲಿ ಎಷ್ಟು ಕೊನೆ (ಅಡಿಕೆ ಗೊನೆ) ಇಳಿಯಿತು, ಹಸಿ ಅಡಿಕೆ ಎಷ್ಟು ತೂಗಿತು, ಚಾಲಿಗೆ (ಸಿಪ್ಪೆ ಸಮೇತ ಒಣಗಿಸುವುದಕ್ಕೆ) ಎಷ್ಟು ಬಿಟ್ಟೆವು ಅನ್ನುವಷ್ಟು ಸಾಕು. ಕೆ ಅಕ್ಷರ ಆಗಲೇ ಕೊಳೆ ಔಷಧಿಗೆ ಹೋಗಿದೆ. ಕ್ಯಾಪ್ಚರ್‌ನಲ್ಲಿ ಎರಡಕ್ಷರದ ಕೀಲಿಯೂ ಆಗುತ್ತದೆ, ಹಾಗಾಗಿ ಕೆ ಒತ್ತಿ ಎಲ್ ಒತ್ತಿದರೆ ಕೊಳೆ, ವೈ ಒತ್ತಿದರೆ ಕೊಯ್ಲು ಅಂತ ಮಾಡಬೇಕೆಂದಿದ್ದೇನೆ. ನವೆಂಬರ್ ಒಳಗೆ ಆದರೆ ಸಾಕು.