ಆ ಒಂದು ಓಟು ನಂದಾ?

"ಕಂಪ್ನಿಯೋರು ರಜಾ ಕೊಡ್ನಿಲ್ಲ ಕನಪ್ಪ" ಅಂತ ನಮ್ಮಪ್ಪಂಗೆ ನಾನು ಹೇಳಿದ್ದು 2004ರ ಮೇ 13ನೇ ತಾರೀಕು, ಪೀಣ್ಯದ ಒಂದು ಎಸ್‌ಟಿಡಿ ಬೂತಲ್ಲಿ ನಿಂತ್ಕೊಂಡು. ಅದು ಸುಳ್ಳು. ರಜಾ ಕೊಟ್ಟಿದ್ರು, ಸೂಪರ್‌ವೈಸರೇ ಕರ್ದು ಹೋಗಿ ಓಟ್ ಹಾಕ್ಬಿಟ್ ಬಾರಪ್ಪ ಅಂದಿದ್ರು.

ಮೊದ್ಲಿಂದ ಹೇಳ್ತೀನಿ. ನಮ್ಮೂರು ಸಂತೇಮರಹಳ್ಳಿ ಪಕ್ಕ, ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಕ್ಕೆ ಹೋಗೋ ರೋಡಲ್ಲಿ ಇಳ್ಕೊಂಡು ಒಂದರ್ಧ ಗಂಟೆ ನಡೀಬೇಕು. ಆವಾಗ ಸಂತೇಮರಹಳ್ಳಿ ಅನ್ನೋದೇ ಒಂದು ವಿಧಾನಸಭಾ ಕ್ಷೇತ್ರ, ಎಸ್‌ಸಿ ಮೀಸಲು. ಜೆಡಿಎಸ್‌ನಿಂದ ಎ.ಆರ್. ಕೃಷ್ಣಮೂರ್ತಿ ನಿಂತಿದ್ರು, ಕಾಂಗ್ರೆಸ್ಸಿಂದ ಹೆಗ್ಗವಾಡಿಯ ಆರ್. ಧ್ರುವನಾರಾಯಣ. ಕೃಷ್ಣಮೂರ್ತಿ ಅಂದ್ರೆ ಬಿ. ರಾಚಯ್ಯನವರ ಮಗ, ಮಂತ್ರಿ ಆಗಿ ಆಮೇಲೆ ಕೇರಳದ ರಾಜ್ಯಪಾಲರಾಗಿದ್ರಲ್ಲ ಅದೇ ರಾಚಯ್ಯ. ನಮ್ಮಪ್ಪ ಯಾವ ಪಾರ್ಟಿಗೂ ಸೇರ್ದೋನಲ್ಲ, ಅವನದು ರಾಚಯ್ಯನ ಪಾರ್ಟಿ ಅಷ್ಟೇ. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಧ್ರುವನಾರಾಯಣ್ ಕಡೆ. ಒಂದೇ ಜಗಲಿ ಮೇಲೆ ಎರಡು ಪಾರ್ಟಿ, ಮಧ್ಯದಲ್ಲಿ ರೇಷ್ಮೆಹುಳದ ತಟ್ಟೆಗಳು.

ನಂಗಾಗ ಇಪ್ಪತ್ಮೂರು ವರ್ಷ. ಓಟಿಗೆ ಹಿಂದಿನ ದಿನ ಸಂಜೆ ಬ್ಯಾಗ್ ಹಾಕ್ಕೊಂಡು ಮೆಜೆಸ್ಟಿಕ್ಕಿಗೆ ಹೋದೆ, ಅಲ್ಲಿ ನೋಡಿದ್ರೆ ಮೈಸೂರು ಪ್ಲಾಟ್‌ಫಾರಂ ತುಂಬ ಜನ, ಬಸ್ಸು ನಿಲ್ಲೋಕೂ ಮುಂಚೆ ಕಿಟಕಿಯಿಂದ ಟವೆಲ್ ಎಸೀತಾವ್ರೆ, ಒಬ್ಬ ಹೆಂಗಸು ಮಗೂನೇ ಕಿಟಕಿಯಿಂದ ಒಳಗೆ ಕೊಟ್ಬಿಟ್ಟು ಆಮೇಲೆ ತಾನು ಹತ್ತೋಕೆ ಒದ್ದಾಡ್ತಿದ್ಲು. ಎರಡು ಬಸ್ ಬಿಟ್ಟೆ, ಮೂರನೇದೂ ಬಿಟ್ಟೆ. ಬೆಳಗ್ಗೆ ಫಸ್ಟ್ ಬಸ್ಸಿಗೆ ಹೋದ್ರಾಯ್ತು ಬಿಡು ಅಂತ ಗಾಂಧಿನಗರದ ಕಡೆ ನಡ್ಕೊಂಡು ಹೋಗಿ ಸೆಕೆಂಡ್ ಶೋ ಸಿನಿಮಾ ನೋಡ್ದೆ. ರೂಮಿಗೆ ಬಂದಾಗ ರಾತ್ರಿ ಒಂದೂವರೆ. ಎದ್ದಾಗ ಬಿಸಿಲು ಮುಖಕ್ಕೆ ಹೊಡೀತಿತ್ತು, ಹನ್ನೊಂದು ಗಂಟೆ. ಈಗ ಹೊರಟ್ರೂ ನಾಲ್ಕರ ಮೇಲಾಗುತ್ತೆ, ಅಲ್ಲಿಂದ ನಡೀಬೇಕು, ನನ್ನೊಂದ್ ಓಟಿಂದ ಏನ್ ಕಡ್ದು ಕಟ್ಟೆ ಹಾಕ್ಬೇಕು ಅಂತ ಮತ್ತೆ ಮಗ್ಗುಲು ತಿರುಗಿದೆ. ಸಿನಿಮಾನೂ ಚೆನ್ನಾಗಿರ್ಲಿಲ್ಲ, ಅದು ಬೇರೆ.

ರಿಸಲ್ಟ್ ದಿನ ಊರಿನ ಅಂಗಡಿ ಫೋನಿಗೆ ಮಾಡ್ದೆ. ಅಪ್ಪ ಲೈನಿಗೆ ಬರೋಕೇ ಐದು ನಿಮಿಷ, ಮೀಟರ್ ಬೇರೆ ಓಡ್ತಿದೆ. ಬಂದೋನು ಹಲೋ ಅನ್ಲಿಲ್ಲ, "ಒಂದು ಕನ್ಲಾ, ಒಂದೇ ಒಂದು" ಅಂದ. ನಂಗೆ ಅರ್ಥ ಆಗ್ಲಿಲ್ಲ, ಒಂದು ಸಾವಿರನಾ ಅಂತ ಕೇಳ್ದೆ. "ಸಾವ್ರ ಅಲ್ಲ ಕನಾ, ಒಂದು ಓಟು!" ಧ್ರುವನಾರಾಯಣ್‌ಗೆ 40,752, ಕೃಷ್ಣಮೂರ್ತಿಗೆ 40,751. ಆಮೇಲೆ ಸ್ವಲ್ಪ ಹೊತ್ತು ಇಬ್ರೂ ಮಾತಾಡ್ಲಿಲ್ಲ, ಮೀಟರ್ ಮಾತ್ರ ಟಿಕ್ ಟಿಕ್ ಅಂತಿತ್ತು. ಕೊನೆಗೆ ಅಪ್ಪ ಮೆತ್ತಗೆ ಕೇಳಿದ್ದು, "ನಿಂಗ ರಜಾ ಕೊಡ್ನಿಲ್ವ ಮೊಗ?"

ಆಗ ಬಂದಿದ್ದು ಆ ಸುಳ್ಳು. ನಾನೇನ್ ಯೋಚ್ನೆ ಮಾಡಿ ಹೇಳಿದ್ದಲ್ಲ, ಅಪ್ಪನೇ ಅರ್ಧ ಹೇಳ್ಕೊಟ್ಟಂಗಿತ್ತು, ನಾನು ಹೂಂ ಅಂದೆ ಅಷ್ಟೇ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಟೀ ಅಂಗಡೀಲಿ ಬೇರೆ ಮಾತೇ ಇಲ್ಲ. ಪಕ್ಕದ ಚಾಮರಾಜನಗರದಲ್ಲಿ ವಾಟಾಳ್ ನಾಗರಾಜ್ ಗೆದ್ದಿದ್ರು, ಬೇರೆ ವರ್ಷ ಆಗಿದ್ರೆ ಅದೊಂದೇ ಸುದ್ದಿ ಆರು ತಿಂಗಳು ಓಡ್ತಿತ್ತು, ಈ ಸಲ ಅದನ್ನ ಕೇಳೋರಿಲ್ಲ. ಅಂಗಡಿಯೋನು ಬೆರಳು ಮಡಚ್ಕೊಂಡು ಲೆಕ್ಕ ಹಾಕೋನು, ಕೊಡಗಿನ ಎಸ್ಟೇಟಿಗೆ ಹೋದೋರು ಇಬ್ರು, ಹೆರಿಗೆಗೆ ತವರಿಗೆ ಹೋಗಿದ್ದೋಳು ಒಬ್ಳು, ಕಾಲ್ ಮುರ್ಕೊಂಡು ಮಲ್ಗಿದ್ದೋನು ಒಬ್ಬ, ಐದನೇ ಬೆರಳು ನಾನು. ನನ್ನ ಸರದಿ ಬಂದಾಗ ಎಲ್ರೂ "ಪಾಪ, ಅವ್ನೇನ್ ಮಾಡಾನು, ರಜಾ ಕೊಡ್ನಿಲ್ವಂತೆ" ಅಂತ ನಮ್ಮ ಕಂಪನಿ ಓನರಿಗೆ ಬಾಯಿಗೆ ಬಂದಂಗೆ ಬಯ್ಯೋರು. ನಾನು ತಲೆ ಬಗ್ಗಿಸ್ಕೊಂಡು ಟೀ ಕುಡೀತಿದ್ದೆ.

ಅದಕ್ಕಿಂತ ಜಾಸ್ತಿ ಬೈಗುಳ ತಿಂದಿದ್ದು ಕೃಷ್ಣಮೂರ್ತಿಯವರ ಕಾರ್ ಡ್ರೈವರ್ರು. ಅವ್ರು ಡ್ಯೂಟಿ ಮೇಲಿದ್ದು ಓಟ್ ಹಾಕೋಕೆ ಆಗ್ಲಿಲ್ಲ ಅನ್ನೋ ಸುದ್ದಿ ಎಲ್ಲಾ ಕಡೆ ಹಬ್ಬಿತ್ತು, ಇವತ್ತಿಗೂ ಯಾವುದೇ ಎಲೆಕ್ಷನ್ ಬಂದ್ರೂ ಒಂದು ಓಟಿನ ಬೆಲೆ ಅಂತ ಆ ಕತೆ ಹೇಳ್ತಾರೆ. ನಂಗೆ ಕೇಳಿದಾಗೆಲ್ಲ ಒಂಥರಾ ಆಗುತ್ತೆ. ಆಯಪ್ಪ ಕೆಲಸದ ಮೇಲಿದ್ದ, ಸ್ವಾಮಿ. ಓಟ್ ಹಾಕದೇ ಇದ್ದ ನನ್ನಂಥೋರು ಅದೆಷ್ಟು ಸಾವಿರ ಜನ ಇದ್ವೋ, ಎಲ್ಲಾ ಸೇರ್ಕೊಂಡು ಒಬ್ಬ ಡ್ರೈವರ್ ಬೆನ್ನ ಹಿಂದೆ ಬಚ್ಚಿಟ್ಕೊಂಡ್ವಿ.

ಆ ಕಡೆ ಗೆದ್ದೋರದ್ದು ಇನ್ನೊಂಥರ ತಮಾಷೆ. ನಮ್ಮ ಚಿಕ್ಕಪ್ಪ ಆ ದಿನ ಮೈ ಸುಡೋ ಜ್ವರದಲ್ಲಿ ಕಂಬಳಿ ಹೊದ್ಕೊಂಡು ಹೋಗಿ ಓಟ್ ಹಾಕಿದ್ದ, "ಆ ಒಂದು ಓಟು ನಂದೇ ಕನ್ರಲಾ" ಅಂತ ವರ್ಷಗಟ್ಲೆ ಹೇಳ್ಕೊಂಡು ತಿರುಗ್ದ. ಅಜ್ಜೀನ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ಹೋದೋನು ಅದು ನಮ್ಮಜ್ಜಿದು ಅಂದ. ಯಾರೂ ಸುಳ್ಳು ಹೇಳ್ತಿಲ್ಲ ಅನ್ನೋದೇ ಮಜಾ, 40,752 ಜನಾನೂ ಒಬ್ಬೊಬ್ಬರೇ ಗೆಲ್ಲಿಸಿದ್ರು.

ನಾನು ಮನಸ್ಸಲ್ಲಿ ಒಂದು ಲೆಕ್ಕ ಇಟ್ಕೊಂಡಿದ್ದೆ, ಸಮಾಧಾನಕ್ಕೆ. ನಾನು ಹೋಗಿ ಅಪ್ಪ ಹೇಳಿದಂಗೆ ತೆನೆ ಹೊತ್ತ ಹೆಂಗಸಿಗೇ ಒತ್ತಿದ್ರೂ ಕೃಷ್ಣಮೂರ್ತಿ ಗೆಲ್ತಿರ್ಲಿಲ್ಲ, ಸಮ ಆಗ್ತಿತ್ತು ಅಷ್ಟೇ. ಸಮ ಆದ್ರೆ ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತಿಸ್ತಾರೆ, ಯಾರ ಹೆಸರು ಬರುತ್ತೋ ಅವರಿಗೆ ಒಂದು ಓಟು ಜಾಸ್ತಿ ಅಂತ ಲೆಕ್ಕ. ಅಂದ್ರೆ ನನ್ನ ಪಾಪ ಅರ್ಧ, ಇನ್ನರ್ಧ ಚೀಟಿದು. ಈ ಲೆಕ್ಕಾನ ಅಪ್ಪಂಗೆ ಹೇಳೋ ಧೈರ್ಯ ಬರ್ಲಿಲ್ಲ, ಹೇಳಿದ್ರೆ ಸಿನಿಮಾದಿಂದ ಶುರು ಮಾಡ್ಬೇಕಲ್ಲ.

ಒಂದು ಓಟಲ್ಲಿ ಗೆದ್ದ ಧ್ರುವನಾರಾಯಣ್ ಆಮೇಲೆ ನಿಂತು ನೋಡ್ಲಿಲ್ಲ. 2008ಕ್ಕೆ ಕ್ಷೇತ್ರ ವಿಂಗಡಣೆ ಆಗಿ ಸಂತೇಮರಹಳ್ಳಿ ಕ್ಷೇತ್ರ ಅನ್ನೋದೇ ಮಾಯ, ನಾವು ಕೊಳ್ಳೇಗಾಲಕ್ಕೆ ಸೇರಿದ್ವಿ, ಅಲ್ಲೂ ಅವರೇ ಗೆದ್ರು. 2009ರಲ್ಲಿ ಲೋಕಸಭೆಗೆ ನಿಂತಾಗ ಎದುರಿಗೆ ಮತ್ತೆ ಅದೇ ಕೃಷ್ಣಮೂರ್ತಿ, ಈ ಸಲ ಬಿಜೆಪಿಯಿಂದ, ಮತ್ತೆ ಧ್ರುವನಾರಾಯಣೇ, ಅಂತರ ನಾಲ್ಕು ಸಾವಿರದಷ್ಟು. ಕೊನೆಗೆ ಕೃಷ್ಣಮೂರ್ತಿಯವರೂ ಕಾಂಗ್ರೆಸ್ಸಿಗೇ ಬಂದ್ರು, 2018ರಲ್ಲಿ ಕೊಳ್ಳೇಗಾಲದಲ್ಲಿ ನಿಂತ್ರೆ ಬಿಎಸ್ಪಿಯ ಎನ್. ಮಹೇಶ್ ಸೋಲಿಸಿದ್ರು. 2019ರಲ್ಲಿ ಧ್ರುವನಾರಾಯಣ್ ಸೋತಿದ್ದು 1,817 ಓಟಲ್ಲಿ. ಲೋಕಸಭೆ ಲೆಕ್ಕದಲ್ಲಿ ಅದೂ ಒಂದು ಓಟಿದ್ದಂಗೇ. ಜಗಲಿ ಮೇಲೆ ಚಿಕ್ಕಪ್ಪ ಆ ದಿನ ಊಟ ಮಾಡ್ಲಿಲ್ಲ, ಅಪ್ಪಾನೇ ಹೋಗಿ ಎಬ್ಬಿಸ್ಕೊಂಡು ಬಂದ.

2023ರ ಮಾರ್ಚ್ 11ಕ್ಕೆ ಧ್ರುವನಾರಾಯಣ್ ಮೈಸೂರಲ್ಲಿ ತೀರ್ಕೊಂಡ್ರು, ಹಠಾತ್ತಾಗಿ. ಎಲೆಕ್ಷನ್ನಿಗೆ ಎರಡು ತಿಂಗಳಿತ್ತು. ಹೆಗ್ಗವಾಡಿಗೆ ಮಣ್ಣಿಗೆ ಹೋದ ಜನದಲ್ಲಿ ನಮ್ಮಪ್ಪನೂ ಇದ್ದ, ನಾನು ಆಶ್ಚರ್ಯದಿಂದ ಕೇಳಿದ್ದಕ್ಕೆ "ಒಂದು ಓಟಲ್ಲಿ ಗೆದ್ದ ಅಂತ ನಮ್ಮನ್ನ ಯಾವತ್ತಾರ ಬ್ಯಾರೆ ಮಾಡ್ನ? ಮದ್ವೆಗ್ ಕರುದ್ರೆ ಮದ್ವೆಗ್ ಬಂದ, ಸಾವ್ಗೆ ಸಾವ್ಗ್ ಬಂದ" ಅಂದ.

ಮೇ 10ಕ್ಕೆ ಓಟು. 2004ರ ನಂತರ ನಾನು ಒಂದು ಎಲೆಕ್ಷನ್ನೂ ತಪ್ಪಿಸಿಲ್ಲ, ಗ್ರಾಮ ಪಂಚಾಯ್ತಿದೂ ಕೂಡ. ಈ ಸಲ ಅಪ್ಪನ್ನ ಬೈಕಲ್ಲಿ ಕೂರಿಸ್ಕೊಂಡು ಬೂತಿಗೆ ಹೋದೆ. ಎಂಬತ್ತರ ಹತ್ರ ಅವನಿಗೆ, ಕಣ್ಣು ಮಂಜು. ಬಟನ್ ಒತ್ತಿದ ಮೇಲೆ ಪಕ್ಕದ ಪೆಟ್ಟಿಗೆಯ ಗಾಜಲ್ಲಿ ಚೀಟಿ ಏಳು ಸೆಕೆಂಡ್ ಕಾಣುತ್ತಲ್ಲ, ಅದನ್ನ ನೋಡೋಕೆ ಹಣೆಯನ್ನ ಗಾಜಿಗೇ ಒತ್ಕೊಂಡು ನಿಂತ್ಬಿಟ್ಟವ್ನೆ, ಚೀಟಿ ಬಿದ್ದ ಮೇಲೂ ಕದಲ್ತಿಲ್ಲ, ಆಫೀಸರ್ ಅಜ್ಜಾ ಆಯ್ತು ಬನ್ನಿ ಅಂತ ಕರೀತಾವ್ರೆ.

ಎಣಿಕೆ ಮೇ 13. ಅದೇ ತಾರೀಕು, ಹತ್ತೊಂಬತ್ತು ವರ್ಷದ ಮೇಲೆ. ಬೆಳಗ್ಗೆಯಿಂದ ಟಿವಿ ಮುಂದೆ ಅಪ್ಪ, ಚಿಕ್ಕಪ್ಪ, ನಾನು. ಈಗ ಜಗಲಿ ಮೇಲೆ ಒಂದೇ ಪಾರ್ಟಿ, ಜಗಳಕ್ಕೆ ಯಾರೂ ಇಲ್ಲ ಅಂತ ಇಬ್ರಿಗೂ ಬೇಜಾರು. ನಂಜನಗೂಡಲ್ಲಿ ಧ್ರುವನಾರಾಯಣ್ ಮಗ ದರ್ಶನ್ ಗೆದ್ದಾಗ ಚಿಕ್ಕಪ್ಪ ಟವೆಲ್ಲಲ್ಲಿ ಕಣ್ಣೊರೆಸ್ಕೊಂಡ. ಕೊಳ್ಳೇಗಾಲದಲ್ಲಿ ಕೃಷ್ಣಮೂರ್ತಿ ಮುಂದೆ ಇದ್ದೋರು ಮುಂದೇನೇ ಹೋದ್ರು, ಕೊನೆಗೆ 59 ಸಾವಿರಕ್ಕೂ ಮೇಲೆ ಅಂತರ. ನಾನು ಕುಣಿಯೋಣ ಅಂತಿದ್ದೆ, ಅಪ್ಪ ಮುಖ ಸಪ್ಪಗೆ ಮಾಡ್ಕೊಂಡು "ಇಷ್ಟೊಂದ್ ಯಾಕ್ಲಾ ಬೇಕಿತ್ತು, ಅವತ್ತು ಎರಡು ಇದ್ದಿದ್ರೆ ಸಾಕಾಗಿತ್ತು" ಅಂದ.

ರಾತ್ರಿ ಊಟ ಆಗಿ ಚಿಕ್ಕಪ್ಪ ಎದ್ದು ಹೋದ್ರೂ ಅಪ್ಪ ಟಿವಿ ಆಫ್ ಮಾಡೋಕೆ ಬಿಡ್ಲಿಲ್ಲ. ಬೆಂಗಳೂರಿನ ಜಯನಗರದ್ದು ಮುಗೀತಾನೇ ಇಲ್ಲ, ಮತ್ತೆ ಎಣಿಸ್ತಾವ್ರೆ, ಹೊರಗಡೆ ಗಲಾಟೆ. ಸೌಮ್ಯಾ ರೆಡ್ಡಿ 16 ಓಟಲ್ಲಿ ಸೋತ್ರು ಅಂತ ಬರೋ ಹೊತ್ತಿಗೆ ನಂಗೆ ತೂಕಡಿಕೆ. ಹದಿನಾರೇ ಅಂತ ನಾನು ಅರ್ಧ ನಿದ್ದೆಗಣ್ಣಲ್ಲಿ ಬಾಯಿ ಬಿಟ್ಟೆ. ಅಪ್ಪ ವೀಳ್ಯದೆಲೆಗೆ ಸುಣ್ಣ ಸವರ್ತಾ, ಟಿವಿ ಕಡೆಯಿಂದ ಕಣ್ಣು ತೆಗೀದೆ,

"ಅಲ್ಲೂ ಯಾವನೋ ಸಿನಿಮಾಕ್ ಓಗಿರ್ತಾನ ಬುಡು" ಅಂದ.